ಬೇಲಿಯ ಬೀಜದೊಳಗಿನ ಎಲೆ

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು. ಬೀಜದಳ ಎಂಬ ಮಾತನ್ನು ಮೊದಲು ಕೇಳಿದ್ದು ತಮ್ಮನ ಬಾಯಿಂದ. ಎಪ್ಪತ್ತರ ದಶಕದ ಕೊನೆ ಇರಬೇಕು, ಅವನಾಗ ಕಾಪುವಿನ ಶಾಲೆಯಲ್ಲಿ ಆರನೆಯ ತರಗತಿ. ಮಾಸ್ಟ್ರು ನೆನೆಸಿದ ಅವರೆಕಾಳು ಸುಲಿದು ಎರಡು ಹೋಳು ತೋರಿಸಿ, ಇವು ಗಿಡದ ಮೊದಲ ಎಲೆಗಳು ಎಂದಿದ್ದರಂತೆ. ದಳ ಎಂದರೆ ಎಲೆ, ಬೀಜದೊಳಗೆ ಇರುವುದರಿಂದ ಬೀಜದಳ. ಬೇರು ಹಿಡಿಯುವವರೆಗೆ ಮೊಳಕೆಗೆ ಊಟ ಅದರಲ್ಲೇ. ಇಂಗ್ಲಿಷಿನಲ್ಲಿ ಅದಕ್ಕಿರುವ ಹೆಸರು ಹಳೆಯ ಗ್ರೀಕರ ಮಾತಿನಿಂದ ಬಂದದ್ದಂತೆ, ಬಟ್ಟಲಿನಂಥ ಸಣ್ಣ ಕುಳಿ ಎಂದು ಅರ್ಥವಂತೆ.

ಅಂದಿನಿಂದ ಅವನು ಮನೆಯಲ್ಲಿ ಯಾವ ಬೀಜವನ್ನೂ ಇಡಿಯಾಗಿ ಬಿಡಲಿಲ್ಲ. ಹೆಸರು, ಹುಣಸೆ, ಹಲಸು ಎಲ್ಲವನ್ನೂ ಒಡೆದು ನನ್ನ ಬೀಡಿಯ ಮೊರದ ಪಕ್ಕ ತಂದಿಡುತ್ತಿದ್ದ. ಇದರಲ್ಲಿ ಎಲೆ ಎಲ್ಲಿ ಉಂಟು, ಬರೀ ಬೇಳೆ ಅಲ್ವಾ ಎಂದು ನಾನು ತಮಾಷೆ ಮಾಡಿದೆ. ನಿಜವಾದ ಎಲೆ ಬೇಕಿದ್ದರೆ ಬೇಲಿಯ ಕಾಡುಹರಳು ಒಡೆದು ನೋಡು ಎಂದೂ ಹೇಳಿದೆ.

ಶಾಲೆಗೆ ರಜೆಯಿದ್ದ ಒಂದು ದಿನ ಅವನು ಮಡಿಲು ತುಂಬ ತಂದ. ಕಪ್ಪು ಸಿಪ್ಪೆಯೊಳಗೆ ಬಿಳಿಯ ತಿರುಳು, ಅದರ ನಡುವೆ ಕಾಗದದಂಥ ಎರಡು ಎಲೆಗಳು, ನರ ಸಹಿತ. ಇಷ್ಟು ತೆಳ್ಳಗಿದ್ದರೆ ಗಿಡಕ್ಕೆ ಊಟ ಎಲ್ಲಿಂದ ಎಂದು ಕೇಳಿದ. ನನಗೇನು ಗೊತ್ತು? ನನಗೆ ಗೊತ್ತಿದ್ದದ್ದು ಬೀಡಿ ಕಟ್ಟುವ ಹುಡುಗಿಯರು ಹೇಳಿಕೊಳ್ಳುತ್ತಿದ್ದ ಮಾತು ಮಾತ್ರ: ವಿಷ ಇರುವುದು ಆ ಎಲೆಯಲ್ಲಿ, ಅದನ್ನು ಕಿತ್ತರೆ ಉಳಿದದ್ದು ನೆಲಗಡಲೆಯ ಹಾಗೆ. ನಾನೂ ಒಮ್ಮೆ ಒಂದು ತಿಂದಿದ್ದೆ, ಏನೂ ಆಗಿರಲಿಲ್ಲ. ಅದನ್ನೇ ಹೇಳಿದೆ. ಅವನು ಉಗುರಿನಿಂದ ಎಲೆಗಳನ್ನು ಬಿಡಿಸಿ ಬದಿಗಿಟ್ಟು ತಿಂದ. ಒಂದಲ್ಲ, ನಾನು ನೋಡನೋಡುತ್ತಿದ್ದ ಹಾಗೆ ಒಂದು ಹಿಡಿ.

ಮಧ್ಯಾಹ್ನ ವಾಂತಿ ಶುರುವಾಯಿತು, ಹಿಂದೆಯೇ ಭೇದಿ. ಅಮ್ಮ ಗದ್ದೆಯಿಂದ ಓಡಿ ಬರುವಷ್ಟರಲ್ಲಿ ನಾನು ಸಿಪ್ಪೆಗಳನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದ್ದೆ. ಅಪ್ಪ ಕಾರ್ಕಳದಲ್ಲಿ ಕಲ್ಲಿನ ಕೆಲಸಕ್ಕಿದ್ದರು, ಶನಿವಾರ ಬರುತ್ತಿದ್ದರು. ಅವರ ಬೆಲ್ಟು ಮನೆಯ ಗೋಡೆಯಲ್ಲೇ ನೇತಾಡುತ್ತಿತ್ತು. ಅಂದು ಶುಕ್ರವಾರ.

ಬಾಡಿಗೆ ಕಾರು ಕಟಪಾಡಿ ದಾಟುವಾಗ ತಮ್ಮನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಅವನ ಪಾದ ನನ್ನ ತೊಡೆಯ ಮೇಲಿತ್ತು, ಬಾವಿಯ ನೀರಿನಷ್ಟು ತಣ್ಣಗೆ. ಮಣಿಪಾಲದ ಆಸ್ಪತ್ರೆಯಲ್ಲಿ ಅವನ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದ ಡಾಕ್ಟರು, ಇವನು ಎಂತ ತಿಂದಿದ್ದಾನೆ ಎಂದು ಕೇಳಿದರು. ಅಮ್ಮ ಹಿಂದಿನ ದಿನದ ಬಂಗುಡೆ ಮೀನಿನ ಸಾರು ಎಂದು ಅತ್ತರು. ಡಾಕ್ಟರು ತಮ್ಮನನ್ನೇ ಕೇಳಿದರು. ಅವನು ನನ್ನನ್ನು ನೋಡಿದ. ಆಗ ಅವರು ನನ್ನ ಕಡೆ ತಿರುಗಿದರು.

"ಮನೆಯಲ್ಲಿ ಜೊತೆಗೆ ಇದ್ದದ್ದು ನೀನಾ? ಕಾಯಿ, ಬೀಜ ಎಂತಾದರೂ ತಿಂದನಾ? ಹೆದರಬೇಡ, ಹೇಳು. ಗೊತ್ತಾದರೆ ನಮಗೆ ಸುಲಭ."

"ಇಲ್ಲ, ಎಂತ ತಿನ್ನಲಿಲ್ಲ," ಎಂದೆ.

ಆಮೇಲೆ ಬೆಂಚಿನ ಮೇಲೆ ಕುಳಿತು ಅವನ ಎದೆ ಏಳುವುದನ್ನು ನೋಡುತ್ತಿದ್ದೆ. ಅದು ಸ್ವಲ್ಪ ತಡವಾದರೂ ಬೆಂಚಿನ ತುದಿಗೆ ಸರಿಯುತ್ತಿದ್ದೆ. ಎದ್ದು ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು, ಡಾಕ್ಟರು ಎರಡು ಮಂಚದ ಆಚೆಯೇ ಇದ್ದರು. ಪ್ರತಿ ಸಲ ಏಳಬೇಕೆಂದಾಗಲೂ ಗೋಡೆಯ ಬೆಲ್ಟು ಕಣ್ಣಿಗೆ ಬರುತ್ತಿತ್ತು. ತಮ್ಮ ಸತ್ತರೆ ಎಂಬ ಭಯಕ್ಕಿಂತ ಅಪ್ಪನಿಗೆ ತಿಳಿದರೆ ಎಂಬ ಭಯ ದೊಡ್ಡದಾಗಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮರುದಿನ ಅವನು ಗಂಜಿ ಕುಡಿದ. ಸಂಜೆ ಮನೆಗೆ ಕಳಿಸಿದರು. ಬಸ್ಸಿನಲ್ಲಿ ಅಮ್ಮ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು, ಅವನು ನನ್ನ ಹೆಗಲಿಗೆ ಒರಗಿದ್ದ. ಉಡುಪಿ ದಾಟಿದ ಮೇಲೆ ಮೆಲ್ಲಗೆ ಹೇಳಿದ:

"ಅಕ್ಕ, ವಿಷ ಎಲೆಯಲ್ಲಿ ಮಾತ್ರ ಅಲ್ಲ. ನಾನು ಎಲ್ಲದರ ಎಲೆ ತೆಗೆದೇ ತಿಂದದ್ದು ಅಲ್ವಾ?"

ಅವನ ಮಾತಿನಲ್ಲಿ ದೂರಿರಲಿಲ್ಲ, ಲೆಕ್ಕ ಬಿಡಿಸಿದವನ ಹಾಗೆ ಹೇಳಿದ. ವಾಂತಿ ಭೇದಿಗೆ ಒಣಗಿದ ಅವನ ತುಟಿ ಇನ್ನೂ ಒಡೆದಿತ್ತು. ನಾನು ಅವನ ಹಣೆ ಮುಟ್ಟಲಿಲ್ಲ, ತಪ್ಪಾಯಿತು ಎನ್ನಲಿಲ್ಲ.

"ಅಪ್ಪನಿಗೆ ಹೇಳುತ್ತೀಯಾ?" ಎಂದಷ್ಟೇ ಕೇಳಿದೆ.