ಜ್ವರ ಇಲ್ಲ ಎಂದವಳು

ಮುನೀರಾ, ನಿನಗೆ ಏಳು ವರ್ಷವಿದ್ದಾಗ ನಿನ್ನನ್ನು ಕಾಪಾಡಬಹುದಾಗಿದ್ದವಳು ನಾನು. ಕಾಪಾಡಲಿಲ್ಲ. ಹೋದ ತಿಂಗಳು ನೀನು ಚನ್ನಪಟ್ಟಣದ ನಮ್ಮ ಮನೆಗೆ ಬಂದು ನೇರವಾಗಿ ಕೇಳಿದಾಗಲೂ, ನನಗೇನೂ ಗೊತ್ತಿರಲಿಲ್ಲ ಎಂದೆ. ಗೊತ್ತಿತ್ತು—ಎಲ್ಲವೂ ಗೊತ್ತಿತ್ತು.

ಆಗ ರಾಮನಗರದಲ್ಲಿ ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಿನ್ನಪ್ಪನಿಗೆ ಬಣ್ಣ, ಮೊಳೆ, ಬೀಗ ಮಾರುವ ಅಂಗಡಿ. ನಾನು ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನರ್ಸ್. ನಿನ್ನಮ್ಮ ಸಕೀನಾ ಮುಂಬೈಯಿಂದ ಮದುವೆಯಾಗಿ ಬಂದವಳು. ನನ್ನ ಜೊತೆ ಕೂತು ಅವರೆಕಾಯಿ ಸುಲಿಯುತ್ತ ಕನ್ನಡ ಕಲಿತಳು. ನಮ್ಮಂತೆಯೇ ‘ಐತೆ’, ‘ಬತ್ತೀನಿ’ ಎನ್ನುತ್ತಿದ್ದಳು. ನನ್ನನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಬಂದು, ಬಾಗಿಲು ಮುಂದೆ ಮಾಡಿ ನನ್ನ ಕೈ ಹಿಡಿದುಕೊಂಡಳು.

“ಅತ್ತೆ ಬಂದವ್ರೆ ಅಕ್ಕ. ರಜಕ್ಕೆ ಮುನೀರಾನ ಮುಂಬೈಗೆ ಕರ್ಕೊಂಡೋಯ್ತಾರಂತೆ. ಅಲ್ಲಿ... ಹೆಣ್ಮಕ್ಳಿಗೆ ಕೆಳಗೆ ಕುಯ್ಸ್ತಾರೆ. ನಂಗೂ ಮಾಡ್ಸಿದ್ರು. ನನ್ ಮಗೀಗೆ ಬ್ಯಾಡ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು—ಹೆಣ್ಣುಮಕ್ಕಳಿಗೆ ಮಾಡಿಸುವ ಸುನ್ನತಿ ಅದು, ಕಾಯಿಲೆಗಾಗಿ ಅಲ್ಲ, ಡಾಕ್ಟರು ಹೇಳಿ ಅಲ್ಲ. ಹುಡುಗಿ ದೊಡ್ಡವಳಾದ ಮೇಲೆ ಅಂಕೆಯಲ್ಲಿರಲಿ ಎಂದು ಮನೆಯ ಹಿರಿಯ ಹೆಂಗಸರೇ ಗುಟ್ಟಾಗಿ ಮಾಡಿಸುವುದು. ಅವರ ಬಂಧುಗಳಲ್ಲೇ ಕೆಲವರು ಬಿಟ್ಟಿದ್ದರು, ಅತ್ತೆ ಬಿಟ್ಟಿರಲಿಲ್ಲ. ಗಂಡನಿಗೆ ಹೇಳಿದರೆ ಅದು ಹೆಂಗಸರ ವಿಷಯ ಎಂದು ಎದ್ದುಹೋದನಂತೆ.

“ಜ್ವರ ಐತೆ, ರೈಲು ಹತ್ತುಸ್ಬ್ಯಾಡಿ ಅಂತ ಒಂದ್ ಮಾತು ಹೇಳಕ್ಕ. ನರ್ಸು ಹೇಳುದ್ರೆ ಅತ್ತೆ ನಂಬ್ತಾರೆ. ಈ ಸಲ ತಪ್ಪುದ್ರೆ ಸಾಕು.”

“ನೋಡಾನ ಸುಮ್ಕಿರು” ಎಂದು ಕಳುಹಿಸಿದೆ. ನಮ್ಮ ಡಾಕ್ಟರಮ್ಮನಿಗೆ ಹೇಳಬಹುದಿತ್ತು. ಸಕೀನಾಳನ್ನು ಮಕ್ಕಳ ಇಲಾಖೆಯವರ ಬಳಿ ಕರೆದೊಯ್ಯಬಹುದಿತ್ತು. ದಾರಿಗಳಿದ್ದವು... ನಾನು ಯಾವುದನ್ನೂ ಹುಡುಕಲಿಲ್ಲ.

ಮರುದಿನ ನಿನ್ನಜ್ಜಿಯೇ ನಿನ್ನನ್ನು ಕರೆತಂದರು. ಕೆಟ್ಟ ಹೆಂಗಸಾಗಿ ಕಾಣಲಿಲ್ಲ. ನಿನ್ನ ಜಡೆಗೆ ಹೊಸ ರಿಬ್ಬನ್ ಕಟ್ಟಿದ್ದರು, ನನಗೂ ಸಿಹಿ ತಂದಿದ್ದರು. ಸೊಸೆ ಮಗುವಿಗೆ ಜ್ವರ ಎನ್ನುತ್ತಾಳೆ, ನೀವೊಮ್ಮೆ ನೋಡಿ ಎಂದು ತಮ್ಮ ಹಿಂದಿಯಲ್ಲಿ ಕೇಳಿದರು. ಸಕೀನಾ ಅವರ ಬೆನ್ನ ಹಿಂದೆ ನಿಂತಿದ್ದಳು. ನಾನು ನಿನ್ನ ಹಣೆ ಮುಟ್ಟಿದೆ. ನೀನು ನನ್ನನ್ನು ನೋಡಿ ನಗುತ್ತಿದ್ದೆ—ಸಮುದ್ರ ನೋಡಲು ಹೋಗುತ್ತಿದ್ದೀಯಂತೆ.

ಬೇರೆ ಧರ್ಮದವರ ಮನೆ, ಬೀದಿಯಲ್ಲಿ ಮಾತಾದೀತು, ನನ್ನ ಕೆಲಸಕ್ಕೆ ಕುತ್ತು ಬಂದೀತು—ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಇಷ್ಟೇ. ನೀನು ಇರಲಿಲ್ಲ.

“ಜ್ವರ ಇಲ್ಲ, ಚೆನ್ನಾಗವ್ಳೆ. ಕರ್ಕೊಂಡೋಗಿ” ಎಂದೆ, ಹಿಂದಿಯಲ್ಲೂ ಹೇಳಿದೆ. ಸಕೀನಾ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ನೀನು ಮುಂಬೈಯಿಂದ ಮರಳಿದ ದಿನ ಸಕೀನಾ ನಿನ್ನನ್ನು ಎತ್ತಿಕೊಂಡು ನನ್ನಲ್ಲಿಗೇ ಬಂದಳು. ಉಚ್ಚೆ ಮಾಡಲು ಹೆದರಿ ನೀನು ಅಳುತ್ತಿದ್ದೆ, ಮೈ ಕೆಂಡವಾಗಿತ್ತು. “ಒಸಿ ನೋಡಕ್ಕ” ಎಂದಳು, ಅಷ್ಟೇ. ಗಾಯ ಕೀವಾಗಿತ್ತು. ತೊಳೆದು ಔಷಧಿ ಹಚ್ಚಿದೆ. ಡಾಕ್ಟರಮ್ಮನ ಬಳಿ ಕರೆದೊಯ್ದಾಗ ‘ಬಿದ್ದು ಗಾಯ’ ಎಂದವಳೂ ನಾನೇ. ಅವರು ಅದನ್ನೇ ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ನಾವು ಬೀದಿ ಬದಲಾಯಿಸಿದೆವು, ಊರು ಬದಲಾಯಿಸಿದೆವು. ಸಕೀನಾ ಎಂದೂ ಆ ಮಾತು ಎತ್ತಲಿಲ್ಲ.

ಈಗ ನಿನಗೆ ಮಗಳಿದ್ದಾಳೆ. ಹೋದ ತಿಂಗಳು ಅವಳು ನಮ್ಮ ಮನೆಯಲ್ಲೆಲ್ಲ ಓಡಾಡುತ್ತಿದ್ದಾಗ ನೀನು ಹೇಳಿದೆ—

“ಇವ್ಳನ್ನ ಅಮ್ಮನ್ ಹತ್ರ ಒಂದ್ ಗಂಟೆನೂ ಬಿಡಲ್ಲ ಆಂಟಿ. ನನ್ ಕಳಿಸ್ವಾಗ ಅಮ್ಮ ಒಂದ್ ಮಾತೂ ಆಡ್ಲಿಲ್ಲ. ನಿಮ್ಗೇನಾದ್ರೂ ಗೊತ್ತಿತ್ತಾ?”

“ಇಲ್ಲ ಕಣವ್ವ” ಎಂದುಬಿಟ್ಟೆ.

ನೀನು ಹೋದ ಮೇಲೆ ಸಕೀನಾಳಿಗೆ ಫೋನ್ ಮಾಡಿದೆ. ಮಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಉಳಿಸ್ಕೊಳಕ್ಕೆ ಆಗ್ದೋಳು ಏನ್ ಅಂತ ಹೇಳ್ಲಿ ಅಕ್ಕ? ಸುಮ್ಕೆ ನಿನ್ ಹೆಸ್ರು ಯಾಕೆ ತರ್ಲಿ?” ಎಂದಳು. ಇಷ್ಟು ವರ್ಷ ನಿನ್ನ ಸಿಟ್ಟನ್ನು ಒಬ್ಬಳೇ ತಿಂದುಕೊಂಡು, ನನ್ನನ್ನು—ನನ್ನನ್ನು ಮರೆಮಾಡಿದ್ದಳು.

ಕ್ಷಮಿಸು ಎಂದು ಕೇಳಲಾರೆ. ನಿನ್ನ ಮಗಳನ್ನು ನೀನು ಕಾಯುವುದು ಸರಿ, ಯಾರ ಮಾತಿಗೂ ಆ ಕಾವಲು ಸಡಿಲಿಸಬೇಡ. ಆದರೆ ಆ ಕಾವಲಿಗೆ ನಿನ್ನಮ್ಮನನ್ನೂ ಸೇರಿಸಿಕೊ. ಅವಳು ನಿನ್ನನ್ನು ತಡೆದು ಉಳಿಸಿಕೊಳ್ಳಲು ನೋಡಿದಳು, ಮುನೀರಾ. ಆಗದಂತೆ ಮಾಡಿದವಳು ನಾನು.