ಮೇ ತಿಂಗಳ ಶಾಲು

ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದೆ, ನಾನು ಚಿಕ್ಕವಳಿದ್ದಾಗ ನೋಡಿದ ಧಾರಾವಾಹಿಯೂ ಸಿಗುತ್ತದೆ. ಮೊನ್ನೆ ಕೊಪ್ಪಳದ ನಮ್ಮ ಮನೆಯಲ್ಲಿ ಅದನ್ನು ಹುಡುಕಿ ಅವ್ವನ ಕೈಗೆ ಕೊಟ್ಟೆ. ನನ್ನ ಮಗಳು ಪಕ್ಕದಿಂದ ಇಣುಕಿದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡ ಮನೆಯ ಯಜಮಾನಿ ಕತ್ತಿನವರೆಗೂ ಉಣ್ಣೆಯ ಶಾಲು ಹೊದ್ದು ಸೋಫಾದ ಮೇಲೆ ಕೂತಿದ್ದಾಳೆ. ಸೋಫಾದಿಂದ ದೂರದ ಮೂಲೆಯಲ್ಲಿ ಫ್ಯಾನ್ ಗರಗರ ತಿರುಗುತ್ತಿದೆ. ಅವಳ ಪಕ್ಕದಲ್ಲೇ ಸೊಸೆ ತೋಳಿಲ್ಲದ ರವಿಕೆ ತೊಟ್ಟು ಕಾಫಿ ಹಿಡಿದು ನಿಂತಿದ್ದಾಳೆ. “ಒಂದೇ ರೂಮಿನ್ಯಾಗ ಎರಡು ಸೀಸನ್ನಾ ಮಮ್ಮಿ?” ಎಂದಳು ಮಗಳು. ನಗಲಿ ಬಿಡಿ. ಇದೇ ಶಾಲಿನ ಸಲುವಾಗಿ ಕುಷ್ಟಗಿಯ ನಮ್ಮ ಓಣಿ ಎರಡು ಪಾಲಾಗಿತ್ತೆಂದರೆ ಅವಳು ನಂಬುವುದಿಲ್ಲ.

ಆಗ ನಮ್ಮ ಮನೆಯಲ್ಲಿ ಟಿವಿ ಇದ್ದದ್ದು ಪಡಸಾಲೆಯಲ್ಲಿ. ಇದ್ದೊಂದು ಟೇಬಲ್ ಫ್ಯಾನೂ ಅಲ್ಲೇ. ಅದರ ಮುಂದೆ ಮಂಚ, ಮಂಚದ ಮೇಲೆ ಆಯಿ, ಅಂದರೆ ಅಪ್ಪನ ತಾಯಿ. ಫ್ಯಾನಿನ ಮುಖ ಆಯಿಯ ಕಡೆಗೆ ಇರಬೇಕೆಂಬುದು ನಮ್ಮ ಮನೆಯ ಕಾನೂನು, ಅದನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಅವ್ವ ಹಿಂದಿನ ಅಡುಗೆಮನೆಯಲ್ಲಿ. ಧಾರಾವಾಹಿ ಬರುವ ಹೊತ್ತಿಗೇ ಸರಿಯಾಗಿ ರೊಟ್ಟಿಯ ಹೊತ್ತು, ಯಾಕೆಂದರೆ ಅಪ್ಪ ಕಿರಾಣಿ ಅಂಗಡಿ ಮುಚ್ಚಿ ಬಂದ ಕೂಡಲೇ ಅವರಿಗೆ ಬಿಸಿ ರೊಟ್ಟಿ ಬೇಕು. ಹಾಗಾಗಿ ಅವ್ವ ಆ ಧಾರಾವಾಹಿಯನ್ನು ಒಂದು ದಿನವೂ ನೋಡಿರಲಿಲ್ಲ, ಬರೀ ಕೇಳಿದ್ದಳು. ಮೊದಲ ದಿನದಿಂದ ಒಂದು ಮಾತು ಬಿಡದೆ ಕೇಳಿದ್ದಳು. ಧ್ವನಿಯ ಮೇಲೇ ಎಲ್ಲರ ಗುರುತು ಹಿಡಿಯುತ್ತಿದ್ದಳು. ರಾತ್ರಿ ಊಟಕ್ಕೆ ಬಡಿಸುತ್ತಾ ಮೆಲ್ಲಗೆ ನನ್ನನ್ನು ಕೇಳುತ್ತಿದ್ದಳು: “ಆ ಗಡಸು ಧ್ವನಿಯಾಕಿ ಹೆಂಗದಾಳ? ಎತ್ತರ ಅದಾಳೇನು? ಮೂಗು ಹೆಂಗೈತಿ?” ಒಂದು ದಿನ, ಒಂದೇ ಒಂದು ದಿನ, ಗಾಳಿಗೆ ಕೂತು ಅವರನ್ನೆಲ್ಲ ಕಣ್ತುಂಬ ನೋಡಬೇಕೆಂಬುದು ಅವಳ ಆಸೆ. ಬಾಯಿ ಬಿಟ್ಟು ಮಾತ್ರ ಯಾರಿಗೂ ಹೇಳಿದವಳಲ್ಲ.

ಅವತ್ತೂ ಹಿಂಗೇ ಮೇ ತಿಂಗಳು. ಸಂಜೆಯಾದರೂ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಟಿವಿಯಲ್ಲಿ ಆ ಯಜಮಾನಿ ಮೊದಲ ಸಲ ಶಾಲು ಹೊದ್ದು ಬಂದು, “ಅಬ್ಬಾ, ಏನು ಚಳಿ!” ಎಂದಳು.

ಆಯಿ ಮಂಚದ ಮೇಲೆ ಎದ್ದು ಕೂತಳು. ನಮ್ಮ ಕಡೆ ಹವೆ ತಣ್ಣಗಾದರೆ ಅದು ಥಂಡಿ. ಚಳಿ ಅಂದರೆ ಜ್ವರದ ಚಳಿ. ಯಾರಿಗಾದರೂ ‘ಚಳಿ ಬಂದಾವ’ ಎಂದರೆ ಕಂಬಳಿ ತಂದು ಹೊದಿಸಿ ಡಾಕ್ಟರ ಹತ್ತಿರ ಓಡುವವರು ನಾವು.

“ಅಯ್ಯ ಶಿವನೇ, ಆಕಿಗೆ ಚಳಿ ಬಂದಾವ!” ಎಂದಳು ಆಯಿ. “ಮನಿ ತುಂಬ ಮಂದಿ ಅದಾರ, ಒಬ್ಬರರ ಮೈ ಮುಟ್ಟಿ ನೋಡಿದ್ರೇನು? ಅದರ ಮ್ಯಾಲೆ ಫ್ಯಾನ್ ಬ್ಯಾರೆ ಹಚ್ಚ್ಯಾರ, ಭಾಡ್ಯಾಗೋಳು!”

ಅಡುಗೆಮನೆಯಿಂದ ಅವ್ವನ ಧ್ವನಿ ಬಂತು: “ಜ್ವರ ಅಲ್ರಿ ಅತ್ತಿ. ಬೆಂಗಳೂರಾಗ ಥಂಡಿಗೇ ಚಳಿ ಅಂತಾರ್ರೀ.”

“ನೀ ನೋಡಿಯೇನು? ನೋಡಾಕತ್ತಾಕಿ ನಾನು. ಥಂಡಿ ಇದ್ರ ಸೊಸಿ ಹಂಗ ರಟ್ಟಿ ಬಿಟ್ಕೊಂಡು ಅಡ್ಡಾಡ್ತಿದ್ಲೇನು?”

“ನಾ ಎಲ್ಲಿ ನೋಡ್ಲಿರೀ? ಒಲಿ ಮುಂದ ಕುಂತಾಕಿಗೆ ಬರೇ ಕಿವಿ ಅದಾವು.”

ಅಷ್ಟು ಹೇಳಿದ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು. ಅವ್ವನ ಸಿಟ್ಟನ್ನು ನಾವು ಅಳೆಯುತ್ತಿದ್ದದ್ದೇ ಆ ಸಪ್ಪಳದಿಂದ. ಅವತ್ತಿನ ರೊಟ್ಟಿಗಳು ಭಾಳ ತೆಳ್ಳಗೆ ಬಂದಿದ್ದವು.

ಮರುದಿನ ಆಯಿ ಜೋಳ ಬೀಸಿಸಲು ಗಿರಣಿಗೆ ಹೋದಳು. ಅಲ್ಲಿ ಹಿಟ್ಟಿಗಿಂತ ಮೊದಲು ಸುದ್ದಿ ಬೀಸಿ ಬಂತು. ಓಣಿಯ ಹೆಂಗಸರಲ್ಲಿ ಅರ್ಧ ಮಂದಿ ಜ್ವರ ಎಂದರು, ಅರ್ಧ ಮಂದಿ ಥಂಡಿ ಎಂದರು. “ಟೈಫಾಯ್ಡ ಇರಬೇಕು, ಮುಖ ನೋಡ್ರಿ ಹೆಂಗ ಬಾಡೈತಿ” ಎಂದು ಒಬ್ಬಾಕೆ ರೋಗದ ಹೆಸರನ್ನೂ ಇಟ್ಟಳು. ಇನ್ನೊಬ್ಬಾಕೆ ಆಯಿಗೆ ನೇರವಾಗಿ ಕೇಳಿಬಿಟ್ಟಳು: “ನಿಮ್ಮ ಸೊಸಿನಽ ಥಂಡಿ ಅಂದಾಳಂತಲ್ರೀ?” ಮನೆಯ ಸೊಸೆಯೇ ಎದುರು ಪಾರ್ಟಿಯಲ್ಲಿ! ಆಯಿಗೆ ಮೈಯೆಲ್ಲ ಉರಿಯಿತು. ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ಬಂದವಳೇ ಹೊಸ್ತಿಲಲ್ಲಿ ನಿಂತು ಹುಕುಂ ಹೊರಡಿಸಿದಳು.

“ಇವತ್ತ ಸಂಜೀಕ ಒಲಿ ಹಚ್ಚಬ್ಯಾಡ. ಬಂದು ಕುಂದ್ರು. ನಿನ್ನ ಕಣ್ಣಿಲೇ ನೋಡಿ ಹೇಳು, ಜ್ವರನೋ ಥಂಡಿನೋ.”

“ರೊಟ್ಟಿ ಹೆಂಗ್ರಿ ಅತ್ತಿ?”

“ಖಡಕ್ ರೊಟ್ಟಿ ಇಲ್ಲೇನು ಡಬ್ಬ್ಯಾಗ? ಒಂದಿನ ತಿಂದ್ರ ನಿನ್ನ ಗಂಡನ ಹಲ್ಲೇನು ಉದುರಂಗಿಲ್ಲ.”

ಅವ್ವನ ಮುಖ ನೋಡಬೇಕಿತ್ತು ನೀವು. ನಾಲ್ಕು ಗಂಟೆಗೇ ಕಸ ಹೊಡೆದಳು, ಮುಖ ತೊಳೆದಳು. ಆಮೇಲೆ ಟ್ರಂಕು ತೆಗೆದು ಮದುವೆ ಮುಂಜಿಗೆ ಉಡುವ ಇಳಕಲ್ ರೇಷ್ಮೆ ಸೀರೆ ಉಟ್ಟಳು! ಮೈ ಬೇಯಿಸುವ ಆ ಕುದಿಯಲ್ಲಿ, ದೊಡ್ಡ ಸೆರಗಿನ ಆ ಭಾರದ ಸೀರೆ. ಆಯಿ ಮೇಲಿಂದ ಕೆಳಗೆ ನೋಡಿ, “ಬೀಗರ ಮನಿಗೆ ಹೊಂಟೀಯೇನು? ಟಿವ್ಯಾಗಿನವ್ರು ನಿನ್ನ ನೋಡಂಗಿಲ್ಲವ್ವ” ಎಂದಳು. ಅವ್ವ ನಾಚಿ ನಕ್ಕಳು, ಸೀರೆ ಮಾತ್ರ ಬದಲಿಸಲಿಲ್ಲ. ಹೋಗಿ ಬಾಗಿಲ ಮಗ್ಗುಲು ಗೋಡೆಗೆ ಒರಗಿ ಕೂತಳು. ಫ್ಯಾನ್ ಎಂದಿನಂತೆ ಆಯಿಯ ಕಡೆಗೇ ಬೀಸುತ್ತಿತ್ತು.

ಧಾರಾವಾಹಿ ಶುರುವಾಯಿತು. ಧ್ವನಿಗಳಿಗೆ ಒಂದೊಂದಾಗಿ ಮುಖ ಬಂದಂತೆ ಅವ್ವನ ಕಣ್ಣು ಅರಳುತ್ತಾ ಹೋದವು. “ಹೌದಾ! ಇವನಽ ಅವನು? ಇಷ್ಟ ಗಿಡ್ಡ ಅದಾನ?” ಎಂದು ಖುಷಿ ತಡೆಯಲಾರದೆ ನನ್ನ ತೊಡೆಗೆ ಹೊಡೆದಳು. ಅಷ್ಟರಲ್ಲಿ ಯಜಮಾನಿ ಶಾಲು ಹೊದ್ದು ಬಂದಳು.

“ಹೂಂ, ಈಗ ಹೇಳು” ಎಂದಳು ಆಯಿ.

ಅವ್ವ ಮುಂದಕ್ಕೆ ಬಾಗಿ ನೋಡಿದಳು, ನೋಡಿ ಫಕ್ಕನೆ ನಕ್ಕಳು. “ಅತ್ತಿ, ಆಕಿ ಮೂಗಿನ ಕೆಳಗ ನೋಡ್ರಿ. ಬೆವರು! ಶಾಲಿನ ಚುಂಗಿಲೇ ಒರಸಾಕತ್ಯಾಳ ನೋಡ್ರಿ. ಜ್ವರನೂ ಇಲ್ಲ, ಥಂಡಿನೂ ಇಲ್ಲ. ಕುದೀಗೆ ಬೇಯಾಕತ್ಯಾಳ ಪಾಪ. ಶಾಲು ಹೊದ್ಕೊ ಅಂದಾರ, ಹೊದ್ಕೊಂಡಾಳ.”

ಆಯಿ ಕಣ್ಣು ಕಿರಿದು ಮಾಡಿ ನೋಡಿದಳು. ಬೆವರು ಇತ್ತು. ಆದರೂ ಅಷ್ಟು ಸುಲಭಕ್ಕೆ ಸೋಲುವ ಪೈಕಿಯಲ್ಲ ನಮ್ಮಾಯಿ. “ಮತ್ತ ಅಲ್ಲೇ ಫ್ಯಾನ್ ತಿರಗಾಕತ್ತೈತಲ್ಲ?” ಎಂದಳು.

“ತಿರಗಾಕತ್ತೈತ್ರಿ” ಎಂದಳು ಅವ್ವ, ಟಿವಿಯಿಂದ ಕಣ್ಣು ಕೀಳದೆ. “ಗಾಳಿ ಆಕಿ ಕಡೆ ಬರಬೇಕಲ್ರೀ.”

ಚುಚ್ಚಿ ಆಡಿದ ಮಾತಲ್ಲ ಅದು. ಅವ್ವನಿಗೆ ಚುಚ್ಚುವುದು ಗೊತ್ತೇ ಇರಲಿಲ್ಲ. ಆದರೆ ಆಯಿ ಟಿವಿ ಬಿಟ್ಟು ಅವ್ವನ ಕಡೆ ತಿರುಗಿದಳು. ಅವ್ವನ ಮೂಗಿನ ಕೆಳಗೂ ಬೆವರು ಸಾಲಿಟ್ಟಿತ್ತು, ರೇಷ್ಮೆ ಸೀರೆ ಬೆನ್ನಿಗೆ ಅಂಟಿತ್ತು. ಆಯಿ ನನ್ನನ್ನು ಗದರಿದಳು: “ಏನ್ ನೋಡ್ತಿ ಪಿಳಿಪಿಳಿ? ಆ ಫ್ಯಾನ್ ನಿಮ್ಮವ್ವನ ಕಡೆ ಹೊಳ್ಳಸು.”

ಹೊಳ್ಳಿಸಿದೆ. ಅವ್ವನ ಹಣೆಯ ಕೂದಲು ಹಾರಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮುಂದಿನ ಕತೆ ಏನಾಯಿತೆಂಬುದು ಇವತ್ತಿಗೂ ನೆನಪಿಲ್ಲ.

ಗಿರಣಿಯಲ್ಲಿ ಆಯಿ ಸೋಲೊಪ್ಪಲಿಲ್ಲ. “ಆಕಿ ಬೆವರಾಕತ್ತಿದ್ಲು. ನಿಮಗ್ಯಾರಿಗೂ ಕಾಣಲಿಲ್ಲ, ನನ್ನ ಸೊಸಿಗೆ ಕಂಡೈತಿ” ಎಂದು ಗೆದ್ದವರಂತೆ ಸಾರಿ ಬಂದಳು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿಯ ಹೊತ್ತು ಬದಲಾಯಿತು. ಅಪ್ಪ ಗೊಣಗಿದರು. ಆಯಿ ಒಮ್ಮೆ ಕಣ್ಣು ಬಿಟ್ಟಳು, ಗೊಣಗುವುದು ನಿಂತಿತು. ಬಾಗಿಲ ಮಗ್ಗುಲಿದ್ದ ಅವ್ವ ಕ್ರಮೇಣ ಮಂಚದ ಮೇಲಕ್ಕೇ ಬಂದಳು, ಅತ್ತೆ ಸೊಸೆ ಇಬ್ಬರೂ ಒಂದೇ ಗಾಳಿಗೆ ಕೂತು ಬೇರೆಯವರ ಮನೆಯ ಅತ್ತೆ ಸೊಸೆಯರನ್ನು ಬಾಯ್ತುಂಬ ಬೈದರು.

ಆಯಿ ಹೋಗಿ ಭಾಳ ವರ್ಷವಾಯಿತು. ಮೊನ್ನೆ ಮಗಳ ನಗು ನಿಂತ ಮೇಲೆ ನಾನು ಅವ್ವನ ಕಡೆ ನೋಡಿದೆ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವಂಥ ಬಿಸಿಲು. ಒಳಗೆ ಹೊಸ ಎ.ಸಿ.ಯ ಕೆಳಗೆ ಅವ್ವ ಕಾಲು ಮಡಚಿ, ಕತ್ತಿನವರೆಗೂ ಶಾಲು ಹೊದ್ದು ಕೂತಿದ್ದಳು. ಥೇಟ್ ಆ ಯಜಮಾನಿ! ಮಗಳೂ ಅದನ್ನು ಆಗಲೇ ಕಂಡಳು.

“ಅಜ್ಜಿ, ಮೇ ತಿಂಗಳಾಗ ಶಾಲು? ನಿನಗೂ ಚಳಿ ಬಂದಾವೇನು? ಎ.ಸಿ. ಬಂದ್ ಮಾಡ್ಲಾ?”

ಅವ್ವ ಫೋನಿನಿಂದ ಕಣ್ಣು ಕೀಳದೆ ಶಾಲನ್ನು ಇನ್ನಷ್ಟು ಎಳೆದುಕೊಂಡಳು.

“ಬ್ಯಾಡ ಬಿಡವ್ವ” ಎಂದಳು. “ಗಾಳಿ ನನ್ನ ಕಡೆ ಬರಾಕತ್ತೈತಿ.”