ಎಲಮ್ ಮಾವನ ಡೊಳ್ಳೊಟ್ಟೆ ಒಲೆ

ಎಲಮ್ ಪಾರ್ಡಿ ನನಗೂ ನನ್ನ ಗಂಡನಿಗೂ ಪಕ್ಕದ ಮನೆಯವರು. ನ್ಯೂಫೌಂಡ್‌ಲ್ಯಾಂಡಿನ ಈ ಪುಟ್ಟ ಕೊಲ್ಲಿಯಲ್ಲಿ ಅವರನ್ನು ಮಾವ ಎನ್ನದವರಿಲ್ಲ. ವಸಂತ ಬಂದರೆ ದೋಣಿಯಲ್ಲಿ ಹೋಗಿ ಲಾಬ್‌ಸ್ಟರ್ ಹಿಡಿಯುತ್ತಾರೆ. ಅದಕ್ಕೆ ಬೇಕಾದ ಮರದ ಬೋನುಗಳನ್ನು ಚಳಿಗಾಲವಿಡೀ ನೀರಂಚಿನ ಬಲೆಮನೆಯ ಅಟ್ಟದಲ್ಲಿ ಕುಳಿತು ಕಟ್ಟುತ್ತಾರೆ, ಬೋನಿನ ಬಾಯಿಗೆ ದಾರದ ಬಲೆ ಹೆಣೆಯುತ್ತಾರೆ. ಹೋದ ವರ್ಷ ಆ ಅಟ್ಟದ ಚಳಿಗೆ ಬೆರಳು ಮರಗಟ್ಟಿ ಸೂಜಿ ಹಿಡಿಯಲಾಗಲಿಲ್ಲ. ಅರ್ಧ ಬೋನುಗಳು ಹಾಗೇ ಉಳಿದವು.

"ಈ ಸಲವೂ ಹೀಗೇ ಆದ್ರೆ ದೋಣಿ ಮೇಲೆಳೆದು ಕವುಚಿ ಹಾಕ್ತೀನಿ. ಮುಗೀತು," ಎಂದರು. ಅವರ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ.

ಅದಕ್ಕೇ ಅಟ್ಟ ಬೆಚ್ಚಗಾಗಲೆಂದು ಈ ಬೇಸಿಗೆಯಲ್ಲಿ ತಮ್ಮ ಅಪ್ಪನ ಕಾಲದ ಒಲೆಯನ್ನು ಹಳೆಯ ಶೆಡ್ಡಿನಿಂದ ಎಳೆದು ತಂದರು. ಎರಕದ ಕಬ್ಬಿಣದ್ದು, ಡೊಳ್ಳೊಟ್ಟೆಯದು, ಮೈಯೆಲ್ಲ ತುಕ್ಕು. ಸೀಮೆಎಣ್ಣೆ ಸುರಿದು ನೆನೆಸಿದರೂ ಬೋಲ್ಟುಗಳು ಜಗ್ಗಲಿಲ್ಲ. ಒಂದು ಬಿಟ್ಟಿತಲ್ಲ ಎಂದು ಖುಷಿಪಟ್ಟರೆ ಅದರ ತಲೆ ಮುರಿದು ಕೈಗೆ ಬಂದಿತ್ತು. ಹೊಟ್ಟೆಯ ಬಿರುಕಿಗೆ ಮೆತ್ತಿದ ಸಿಮೆಂಟು ಒಣಗಿ ಉದುರಿತು. ಮತ್ತೆ ಮೆತ್ತಿದರು. ಕಪ್ಪು ಪಾಲಿಶ್ ಹಚ್ಚಿ ಹೊಳಪು ತಂದರು, ಆಗ ನೋಡಿದರೆ ಬಾಗಿಲು ಮುಚ್ಚುತ್ತಿಲ್ಲ.

ಮಾವನ ಹಳೆಯ ಗೆಳೆಯ ಅಬ್ಸಲೋಮ್ ಕೆಲಸಕ್ಕೆ ಕೈ ಹಚ್ಚದೆ ಮೀನಿನ ತೊಟ್ಟಿ ಬೋರಲು ಹಾಕಿ ಕೂತಿರುತ್ತಿದ್ದರು.

"ಏನು ಮಾರಾಯ, ಅದಕ್ಕೆ ಬೆಂಕಿ ಹಾಕ್ತೀಯೋ, ಮದುವೆ ಮಾಡ್ತೀಯೋ?"

"ಮೊದಲು ನೀನು ಕೂತಿರೋ ತೊಟ್ಟಿಗೆ ಬೆಂಕಿ ಹಾಕ್ತೀನಿ. ಬಾಯಿ ಮುಚ್ಚು."

ಎಲೆ ಉದುರುವ ಹೊತ್ತಿಗೆ ಒಲೆ ಅಟ್ಟ ಸೇರಿತು. ತಳ ಸುಡದಿರಲಿ ಎಂದು ಒಳಗೊಂದು ಪದರ ಮರಳು ಹಾಕಿ ಬೆಂಕಿ ಹೊತ್ತಿಸಿದರು. ಚೆನ್ನಾಗಿಯೇ ಉರಿಯಿತು. ಮಾವ ಟೋಪಿ ತೆಗೆದು ಒಂದು ಕ್ಷಣ ತಲೆ ತಗ್ಗಿಸಿದರು. ಮರುದಿನ ನೋಡಿದರೆ ಒಲೆಯ ತಳದಿಂದ ಕೆಂಪು ತುಕ್ಕುನೀರು ಅದರ ಕಾಲುಗಳ ಮೇಲೆ ಇಳಿದಿತ್ತು. ಉಜ್ಜಿದರು, ಪಾಲಿಶ್ ಹಚ್ಚಿದರು. ಮತ್ತೆ ಇಳಿಯಿತು. ಪಾಲಿಶ್ ಮಾರಿದವನನ್ನು ಬೈದರು, ಮಂಜನ್ನು ಬೈದರು, ಒದ್ದೆ ಬೂಟು ಹಾಕಿಕೊಂಡು ಒಳಗೆ ಬಂದೆನೆಂದು ನನ್ನನ್ನೂ ಬೈದರು. ಹೀಗೇ ವಾರಗಳು ಕಳೆದವು. ಮೊದಲ ಹಿಮವೂ ಬಿತ್ತು.

ನಾನು ಬ್ರೆಡ್ಡು ಕೊಡಲು ಹೋಗಿದ್ದ ದಿನ ಅಬ್ಸಲೋಮ್ ಎದ್ದು ಬಂದು ಒಲೆಯ ಕಾಲಿಗೆ ಬೆರಳು ಒರೆಸಿ ನಾಲಗೆಗೆ ಇಟ್ಟುಕೊಂಡರು.

"ಎಲಮ್, ಮರಳು ಎಲ್ಲಿಂದ ತಂದೆ?"

ಮಾವ ಕಿಟಕಿಯ ಕೆಳಗಿನ ಕಡಲತೀರ ತೋರಿಸಿದರು.

"ನಿಮ್ಮಪ್ಪ ಹೊಳೆ ಮರಳು ಹೊತ್ತು ತರ್ತಿದ್ದ."

"ಅಷ್ಟು ದೂರ ಹೋಗೋದನ್ನ ನನ್ನ ನೋಯೋ ಮೊಣಕಾಲಿಗೆ ಹೇಳು."

"ಸರಿಹೋಯ್ತು. ಮೀನಿಗೆ ಹಾಕೋ ಹಾಗೆ ಒಲೆಗೆ ಉಪ್ಪು ಹಾಕಿಟ್ಟಿದ್ದೀಯ. ಇನ್ನು ಬಿಸಿಲಿಗೆ ಹರವಿದ್ರೆ ಕ್ರಿಸ್‌ಮಸ್ಸಿಗೆ ತಿನ್ನಬಹುದು."

ಮಾವ ಮಂಡಿಯೂರಿ ಒದ್ದೆ ಮರಳನ್ನೆಲ್ಲ ತೋಡಿ ತೆಗೆದರು. ಮೊದಲೇ ಸವೆದಿದ್ದ ತಳ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದರೆ ಅದು ಆಚೆಗೇ ತೂರಿತು. ಚರ್ಚಿಗೆ ತಪ್ಪದೆ ಹೋಗುವ ಮನುಷ್ಯ, ಕೆಟ್ಟ ಮಾತು ಆಡಲಿಲ್ಲ. ಸ್ಕ್ರೂಡ್ರೈವರನ್ನು ಗೋಡೆಗೆಸೆದು ಮನೆಗೆ ಹೋದರು. ನಾನೂ ಹಿಂದೆಯೇ ಹೋದೆ.

"ದೋಣಿ ಮಾರಿಬಿಡ್ತೀನಿ," ಎಂದರು ಹೆಂಡತಿಗೆ.

ಡ್ರುಸಿಲಾ ಅತ್ತೆ ಹಿಟ್ಟಿನ ಕೈ ಒರೆಸಿಕೊಂಡರು. "ಏ ಮುದುಕ, ಬೋನುಗಳನ್ನ ಮುಂದಿನ ಕೋಣೆಗೆ ತಗೊಂಡು ಬಾ. ಅಲ್ಲೇ ಕಟ್ಟು."

ಮುಂದಿನ ಕೋಣೆಯೆಂದರೆ ಪಾದ್ರಿಗಳು ಬಂದರೆ ಕೂರುವುದು, ಯಾರಾದರೂ ತೀರಿಕೊಂಡರೆ ಶವದ ಪೆಟ್ಟಿಗೆ ಇಡುವುದು. ಉಳಿದಂತೆ ಅದರ ಬಾಗಿಲು ತೆರೆಯುವುದಿಲ್ಲ.

"ಅಲ್ಲಿ? ಡಾಂಬರು ಮೆತ್ತಿದ ದಾರ ಇಟ್ಕೊಂಡು? ಪಾದ್ರಿಗಳು ಬಂದ್ರೆ?"

"ಅಡುಗೆಮನೇಲಿ ಕೂತ್ಕೋತಾರೆ. ಯೇಸುಸ್ವಾಮಿ ಬೆಸ್ತರ ಜೊತೆ ಕೂತವನೇ. ಬೂಟು ಮಾತ್ರ ಹೊರಗೆ ಬಿಡು."

ಈಗ ಮಾವ ಲೇಸಿನ ಪರದೆಗಳ ನಡುವೆ ಕಾಲುಚೀಲದಲ್ಲಿ ಕೂತು ಹೆಣೆಯುತ್ತಾರೆ. ಪೈಪು ಸೇದುವಂತಿಲ್ಲ, ಮರದ ಸಿಪ್ಪೆ ನೆಲಕ್ಕೆ ಬೀಳುವಂತಿಲ್ಲ, ಅಬ್ಸಲೋಮ್ ಜೋರಾಗಿ ನಗುವಂತಿಲ್ಲ. ಮೊನ್ನೆ ಇಣುಕಿ, "ಬೋನು ಆಗ್ತಾ ಇದೆಯಾ ಮಾವ?" ಎಂದೆ.

"ಹೆಣದ ಹಾಗೆ ಕೂರಿಸಿದ್ದಾಳೆ ನನ್ನ," ಎಂದು ಗೊಣಗಿದರು, ಸೂಜಿ ನಿಲ್ಲಿಸದೆ. ಆಮೇಲೆ ಬೈಯುವ ದನಿಯಲ್ಲೇ, "ನಿನ್ನ ಗಂಡ ಪೇಟೆಗೆ ಹೋದ್ರೆ ದೋಣಿಗೆ ಹಸಿರು ಬಣ್ಣ ತರೋಕೆ ಹೇಳು, ತಾಯಿ," ಎಂದರು.